ಕೊಜಿಮದ ಜೀನ್ಸ್ ಬೀದಿಯೂ ಬಳ್ಳಾರಿಯ ಕೌಲ್ ಬಜಾರೂ

ಸಿರುಗುಪ್ಪ: ಹಬ್ಬ ಹತ್ತಿರವಾದಂತೆ ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಕಡೆಯ ತರುಣರು ಬಳ್ಳಾರಿಯ ಬಸ್ಸು ಹತ್ತುತ್ತಾರೆ. ಸಂಜೆ ಹಿಂದಿರುಗುವಾಗ ಅವರ ಕೈಚೀಲದಲ್ಲಿ ಒಂದೆರಡು ಜೀನ್ಸ್ ಪ್ಯಾಂಟುಗಳಿರುತ್ತವೆ. ಸೊಂಟಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಯಾವುದೋ ಹೆಸರು. ಆ ಹೆಸರನ್ನು ನೋಡಿದರೆ ಪ್ಯಾಂಟು ಎಲ್ಲಿಯದೆಂದು ಹೇಳುವಂತಿಲ್ಲ. ಅದನ್ನು ಹೊಲಿದ ಕೈಗಳು ಕೌಲ್ ಬಜಾರಿನ ಯಾವುದಾದರೊಂದು ಗಲ್ಲಿಯವೇ ಇರಬಹುದು. ಕೊಂಡವನು ನಡೆದುಹೋದ ದಾರಿಗೆ ಹತ್ತು ಮಾರು ದೂರದಲ್ಲಿಯೇ ಆ ಹೊಲಿಗೆ ಯಂತ್ರ ಸದ್ದು ಮಾಡುತ್ತಿದ್ದಿರಬಹುದು. ಆದರೆ ಆ ಗಲ್ಲಿಯನ್ನು ನೋಡಲೆಂದು ಬಳ್ಳಾರಿಗೆ ಬರುವವರು ವಿರಳ.

ಜಪಾನಿನಲ್ಲಿ ಇದೇ ಕಸುಬಿನ ಊರೊಂದಿದೆ. ಅಲ್ಲಿಗೆ ಜನರು ಪ್ಯಾಂಟು ಕೊಳ್ಳುವುದಕ್ಕೆ ಬರುವಷ್ಟೇ, ಪ್ಯಾಂಟು ಹೊಲಿಯುವ ಊರು ಹೇಗಿರುತ್ತದೆಂದು ನೋಡುವುದಕ್ಕೂ ಬರುತ್ತಾರೆ. ಅದರ ಹೆಸರು ಕೊಜಿಮ. ಒಕಾಯಾಮ ಪ್ರಾಂತದ ಕುರಾಶಿಕಿ ನಗರದ ದಕ್ಷಿಣದ ಅಂಚಿನಲ್ಲಿ, ಸೆಟೊ ಒಳಸಮುದ್ರದ ದಂಡೆಯ ಮೇಲಿರುವ ಈ ಭಾಗವು 1967ರವರೆಗೆ ತಾನೇ ಒಂದು ಪುಟ್ಟ ನಗರವಾಗಿತ್ತು. ಆ ವರ್ಷ ಕುರಾಶಿಕಿಯಲ್ಲಿ ವಿಲೀನಗೊಂಡು ದೊಡ್ಡ ನಗರದ ಹೊರಬಡಾವಣೆಯಾಯಿತು. ಜಪಾನಿನ ಜೀನ್ಸ್ ಉದ್ಯಮ ಹುಟ್ಟಿದ್ದು ಇಲ್ಲಿ. ಸಮವಸ್ತ್ರ ಹೊಲಿಯುತ್ತಿದ್ದ ಊರು ಜೀನ್ಸ್ ಹೊಲಿಯತೊಡಗಿದ ಕಥೆ ಇಲ್ಲಿಯದು. ಬಳ್ಳಾರಿಯದೂ ಬಹುಮಟ್ಟಿಗೆ ಅದೇ ಕಥೆಯೆಂಬುದು ಕುತೂಹಲಕರ ಸಂಗತಿ.

ಸುಮ್ಮನೆ ಸುತ್ತುವ ಪ್ರವಾಸ

ನಮ್ಮಲ್ಲಿ ಪ್ರವಾಸವೆಂದರೆ ದೇವಸ್ಥಾನ, ಕೋಟೆ, ಜಲಪಾತ, ಇಲ್ಲವೇ ಸಮುದ್ರತೀರ. ನೋಡಲು ಒಂದು ನಿರ್ದಿಷ್ಟ ವಸ್ತು ಇರಬೇಕು. ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬೇಕು. ಜಪಾನೀಯರಲ್ಲಿ ಇದಲ್ಲದೆ ಇನ್ನೊಂದು ಬಗೆಯ ಪ್ರವಾಸವೂ ರೂಢಿಯಲ್ಲಿದೆ. ಅದನ್ನು ಅವರು ‘ಮಾಚಿ ಅರುಕಿ’ ಎನ್ನುತ್ತಾರೆ. ಊರು ಸುತ್ತುವುದು ಎಂದಷ್ಟೇ ಅದರ ಅರ್ಥ. ಟೋಕಿಯೊದ ಜಿಯುಗಾವೊಕ, ಕಿಚಿಜೋಜಿ, ಶಿಮೊಕಿತಜಾವ ಮೊದಲಾದ ಬಡಾವಣೆಗಳು ಈ ಕಾರಣಕ್ಕೇ ಹೆಸರಾಗಿವೆ. ಇವುಗಳಲ್ಲಿ ಹೇಳಿಕೊಳ್ಳುವಂತಹ ಸ್ಮಾರಕಗಳು ಹೆಚ್ಚಿಲ್ಲ. ಒಂದು ರೈಲು ನಿಲ್ದಾಣ, ಅದರ ಸುತ್ತ ಕಾರು ತೂರದಷ್ಟು ಕಿರಿದಾದ ಓಣಿಗಳು, ಓಣಿಗಳಲ್ಲಿ ಸಣ್ಣ ಸಣ್ಣ ಅಂಗಡಿಗಳು, ಕಾಫಿ ಮಂದಿರಗಳು. ಶಿಮೊಕಿತಜಾವದಲ್ಲಿ ಹಳೆಯ ಬಟ್ಟೆ ಮಾರುವ ಅಂಗಡಿಗಳೇ ಸಾಲುಗಟ್ಟಿ ನಿಂತಿವೆ. ಯಾರೋ ತೊಟ್ಟು ಬಿಟ್ಟ ಜೀನ್ಸ್‌ಗಳನ್ನು ಅಲ್ಲಿನ ತರುಣರು ಗಂಟೆಗಟ್ಟಲೆ ಆರಿಸುತ್ತಾರೆ. ಫ್ಯಾಷನ್ನಿನ ತುದಿಯಲ್ಲಿರುವ ಜಾಗವಾದರೂ ಅಲ್ಲಿ ಯಾರಿಗೂ ಅವಸರವಿಲ್ಲ.

ಕೊಜಿಮವು ಈ ಸಾಲಿಗೆ ಸೇರುವ ಊರೇ ಆದರೂ ರಾಜಧಾನಿಯಿಂದ ಬಹುದೂರದಲ್ಲಿದೆ. ಟೋಕಿಯೊದಿಂದ ಒಕಾಯಾಮಕ್ಕೆ ಬುಲೆಟ್ ರೈಲಿನಲ್ಲಿಯೇ ಮೂರು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಜೊತೆಗೆ ಇದು ಮಾರುವ ಊರಾಗಿ ಬೆಳೆದದ್ದಲ್ಲ. ದುಡಿಯುವ ಊರು, ಕಾರ್ಖಾನೆಗಳ ಊರು. ಇಂತಹ ಊರನ್ನು ನೋಡಲು ಜನ ಬರುವಂತಾದದ್ದು ಹೇಗೆ ಎಂಬುದೇ ಬಳ್ಳಾರಿ ಕಡೆಯವರು ತಿಳಿಯಬೇಕಾದ ವಿಷಯ.

ನಿಲ್ದಾಣದಿಂದಲೇ ನೀಲಿ

ಒಕಾಯಾಮದಲ್ಲಿ ರೈಲು ಬದಲಿಸಿದರೆ ಕೊಜಿಮಕ್ಕೆ ಸುಮಾರು 25 ನಿಮಿಷಗಳ ದಾರಿ. ಇಲ್ಲಿನ ರೈಲು ನಿಲ್ದಾಣ ಆರಂಭವಾದದ್ದು 1988ರಲ್ಲಿ, ಹೊನ್ಶು ಮತ್ತು ಶಿಕೋಕು ದ್ವೀಪಗಳನ್ನು ಜೋಡಿಸುವ ಸೆಟೊ ಮಹಾಸೇತುವೆಯೊಂದಿಗೆ. ಸೇತುವೆಯ ಮೇಲಂತಸ್ತಿನಲ್ಲಿ ವಾಹನಗಳು, ಕೆಳ ಅಂತಸ್ತಿನಲ್ಲಿ ರೈಲು ಓಡುತ್ತವೆ. ಕೊಜಿಮವು ಸೇತುವೆಗೆ ಮುನ್ನ ಸಿಗುವ ಕೊನೆಯ ನಿಲ್ದಾಣ. ಹೆಚ್ಚಿನ ಪ್ರಯಾಣಿಕರು ಸಮುದ್ರ ನೋಡುವ ಆತುರದಲ್ಲಿ ಇಲ್ಲಿ ಇಳಿಯುತ್ತಲೇ ಇರಲಿಲ್ಲ.

ಇಂದು ಇಳಿದವರಿಗೆ ಮೊದಲು ಕಾಣುವುದು ನಿಲ್ದಾಣದ ಒಳಗೇ ತೂಗುವ ಜೀನ್ಸ್‌ಗಳು. ಮೆಟ್ಟಿಲುಗಳ ಮೇಲೆ, ಗೋಡೆಗಳ ಮೇಲೆ, ಎಲ್ಲೆಡೆ ಜೀನ್ಸ್ ಚಿತ್ತಾರ. ಹೊರಗೆ ಜೀನ್ಸ್ ಬಣ್ಣ ತಳೆದ ಬಸ್ಸು, ಟ್ಯಾಕ್ಸಿಗಳೂ ಉಂಟು. ಇದೆಲ್ಲ ತುಸು ಅತಿಯಾಯಿತೆಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ. ಆದರೆ ಕಾಲು ಗಂಟೆ ನಡೆದು ಅಜಿನೊ ಎಂಬ ಹಳೆಯ ಪೇಟೆಬೀದಿಯನ್ನು ತಲುಪಿದಾಗ ಈ ಆಡಂಬರ ತಗ್ಗುತ್ತದೆ. ‘ಕೊಜಿಮ ಜೀನ್ಸ್ ಬೀದಿ’ ಎಂದು ಕರೆಯುವುದು ಇದನ್ನೇ. ಉದ್ದ ಸುಮಾರು 400 ಮೀಟರ್. ಬೀದಿಯ ಎರಡೂ ಬದಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಜಾತ್ರೆಯಲ್ಲಿ ಬಣ್ಣದ ಪರಪರಿ ಕಟ್ಟುವಂತೆ ಪ್ಯಾಂಟುಗಳನ್ನು ನೇತುಹಾಕಿದ್ದಾರೆ. ಗಾಳಿ ಬೀಸಿದಾಗ ಅವು ತಲೆಯ ಮೇಲೆ ಕಾಲು ಝಾಡಿಸುತ್ತವೆ.

ಬೀದಿಯ ಮನೆಗಳು ತಗ್ಗಿನವು, ಅನೇಕವು ಹಳೆಯವು. ಅಂಗಡಿಯೊಳಗೆ ಹೋದವರನ್ನು ಕೊಳ್ಳಿರೆಂದು ಯಾರೂ ಒತ್ತಾಯಿಸುವುದಿಲ್ಲ. ಗಿರಾಕಿಯ ಅಳತೆಗೆ ಪ್ಯಾಂಟಿನ ಕೆಳಅಂಚನ್ನು ಮಡಿಚಿ ಹೊಲಿಯಲು ಕೆಲವು ಅಂಗಡಿಗಳಲ್ಲಿ ‘ಯೂನಿಯನ್ ಸ್ಪೆಷಲ್’ ಎಂಬ ಹಳೆಯ ಅಮೆರಿಕನ್ ಯಂತ್ರಗಳನ್ನು ಇಟ್ಟುಕೊಂಡಿದ್ದಾರೆ. ಸರಪಳಿ ಹೊಲಿಗೆ ಹಾಕುವ ಈ ಯಂತ್ರ ಬಟ್ಟೆಯನ್ನು ಕೊಂಚ ಓರೆಯಾಗಿ ಎಳೆಯುತ್ತದೆ. ಯಂತ್ರದ ದೃಷ್ಟಿಯಿಂದ ಅದು ದೋಷವೇ ಸರಿ. ಆದರೆ ಆ ಎಳೆತದಿಂದಾಗಿ ಒಗೆದಂತೆಲ್ಲ ಅಂಚಿನಲ್ಲಿ ಹಗ್ಗ ಹೊಸೆದಂತಹ ಗೆರೆಗಳು ಮೂಡುತ್ತವೆ, ಜೀನ್ಸ್ ಪ್ರಿಯರು ಆ ಗೆರೆಗಳಿಗಾಗಿಯೇ ಹಂಬಲಿಸುತ್ತಾರೆ. ಹೊಲಿಗೆ ಮುಗಿಯುವವರೆಗೆ ಗಿರಾಕಿಯು ಹೊರಗೆ ಕುಳಿತು ನೀಲಿ ಬಣ್ಣದ ಐಸ್‌ಕ್ರೀಮ್ ತಿನ್ನಬಹುದು, ಪಕ್ಕದ ಅಂಗಡಿಯನ್ನು ನೋಡಿ ಬರಬಹುದು. ಬೆಲೆ ಮಾತ್ರ ಎದೆ ಝಲ್ಲೆನಿಸುವಂಥದ್ದು. ಹೆಸರಾಂತ ತಯಾರಕರ ಒಂದು ಪ್ಯಾಂಟಿಗೆ 20 ಸಾವಿರ ಯೆನ್‌ಗೂ ಮೇಲೆ, ಅಂದರೆ ಹತ್ತು ಸಾವಿರ ರೂಪಾಯಿಗೂ ಹೆಚ್ಚು.

ಅಷ್ಟು ಬೆಲೆ ಏಕೆಂಬುದಕ್ಕೆ ಉತ್ತರವೂ ಊರಿನಲ್ಲಿಯೇ ನೋಡಸಿಗುತ್ತದೆ. ಹಳೆಯ ಲಾಳಿಮಗ್ಗಗಳಲ್ಲಿ ನೇಯ್ದ ಡೆನಿಮ್ ಬಟ್ಟೆ ಅಗಲದಲ್ಲಿ ಕಿರಿದು. ದಿನಕ್ಕೆ ನೇಯುವುದೂ ಸ್ವಲ್ಪವೇ. ಲಾಳಿ ಹೋಗಿ ಮರಳಿ ಬರುವುದರಿಂದ ಬಟ್ಟೆಯ ಅಂಚು ತಾನಾಗಿ ಮುಚ್ಚಿಕೊಳ್ಳುತ್ತದೆ, ಬಿಚ್ಚುವ ಭಯವಿಲ್ಲ. ಇನ್ನು ಬಣ್ಣ. ನೂಲುಗಳನ್ನು ಹಗ್ಗದಂತೆ ಒಟ್ಟುಗೂಡಿಸಿ ನೀಲಿಯ ತೊಟ್ಟಿಯಲ್ಲಿ ಅದ್ದುತ್ತಾರೆ, ಮೇಲೆತ್ತಿ ಗಾಳಿಗೆ ಒಡ್ಡುತ್ತಾರೆ, ಮತ್ತೆ ಅದ್ದುತ್ತಾರೆ. ಗಾಳಿ ತಾಗಿದಾಗಲೇ ನೀಲಿ ಕಚ್ಚಿಕೊಳ್ಳುವುದು. ಹೀಗೆ ಎಷ್ಟು ಸಲ ಅದ್ದಿದರೂ ಬಣ್ಣ ನೂಲಿನ ತಿರುಳಿಗೆ ಇಳಿಯುವುದಿಲ್ಲ. ಹೊರಮೈ ನೀಲಿ, ಒಳಗೆ ಬಿಳಿ. ಜೀನ್ಸ್ ತೊಟ್ಟಂತೆಲ್ಲ ಮೊಣಕಾಲು, ತೊಡೆ, ಜೇಬಿನ ಬಳಿ ಬೆಳ್ಳಗಾಗುವುದರ ಗುಟ್ಟು ಇದು.

ಬೀದಿಯ ಆಚೆ, ಊರಿನ ಇನ್ನೊಂದು ಭಾಗದಲ್ಲಿ ‘ಬೆಟ್ಟಿ ಸ್ಮಿತ್’ ಎಂಬ ಸಂಸ್ಥೆ 2003ರಲ್ಲಿ ಆರಂಭಿಸಿದ ಜೀನ್ಸ್ ವಸ್ತುಸಂಗ್ರಹಾಲಯವಿದೆ. ಹೆಸರು ವಿದೇಶಿಯಾದರೂ ಸಂಸ್ಥೆ ಕೊಜಿಮದ್ದೇ. ಇಲ್ಲಿಗೆ ಬಂದವರು ತಾವೇ ಗುಂಡಿ, ರಿವೆಟ್ಟುಗಳನ್ನು ಆರಿಸಿ ಪ್ಯಾಂಟಿಗೆ ಬಡಿದು ಕೂರಿಸಬಹುದು. ಮಕ್ಕಳಿಗಂತೂ ಇದಕ್ಕಿಂತ ಹೆಚ್ಚಿನ ಸಂಭ್ರಮವಿಲ್ಲ.

ಸಂಜೆಗೆ ವಾಶೂಜಾನ್ ಎಂಬ ಗುಡ್ಡವೇರಿದರೆ ಒಳಸಮುದ್ರದ ದ್ವೀಪಗಳೂ ಮಹಾಸೇತುವೆಯೂ ಒಟ್ಟಿಗೆ ಕಾಣುತ್ತವೆ. ಗುಡ್ಡದ ಬುಡದ ಶಿಮೊತ್ಸುಯಿ ಮೀನುಗಾರರ ಊರು. ಅಲ್ಲಿ ಚಳಿಗಾಲದಲ್ಲಿ ಅಷ್ಟಪದಿಗಳನ್ನು ಹಗ್ಗಕ್ಕೆ ಸಿಕ್ಕಿಸಿ ಒಣಗಿಸುತ್ತಾರೆ. ಒಟ್ಟಿನಲ್ಲಿ ಏನನ್ನಾದರೂ ಹಗ್ಗಕ್ಕೆ ನೇತುಹಾಕದೆ ಈ ಸೀಮೆಯವರಿಗೆ ಸಮಾಧಾನವಿಲ್ಲವೇನೋ!

ಉಪ್ಪಿನ ನೆಲದಲ್ಲಿ ಹತ್ತಿ

ಕೊಜಿಮ ಎಂಬುದರ ಕೊನೆಯ ಎರಡಕ್ಷರಕ್ಕೆ ದ್ವೀಪವೆಂದೇ ಅರ್ಥ. ಹಿಂದೆ ಇದು ದ್ವೀಪವೇ ಆಗಿತ್ತು. ನಡುವಣ ಆಳವಿಲ್ಲದ ಕಡಲನ್ನು ಜನರು ಮಣ್ಣು ತುಂಬಿ ಒಣಗಿಸುತ್ತ ಬಂದುದರಿಂದ 17ನೆಯ ಶತಮಾನದ ಹೊತ್ತಿಗೆ ಅದು ದೊಡ್ಡ ನೆಲಕ್ಕೆ ಅಂಟಿಕೊಂಡಿತು. ಹೀಗೆ ಗೆದ್ದ ನೆಲದಲ್ಲಿ ಉಪ್ಪಿನಂಶ ಹೆಚ್ಚು. ಭತ್ತ ಏಳುತ್ತಿರಲಿಲ್ಲ. ಉಪ್ಪನ್ನು ತಾಳಿಕೊಳ್ಳುವ ಬೆಳೆಯೆಂದರೆ ಹತ್ತಿ. ರೈತರು ಹತ್ತಿ ಬಿತ್ತಿದರು. ತುಂಗಭದ್ರೆಯ ನೀರು ಬಂದ ಮೇಲೆ ಭತ್ತದ ಕಣಜವಾದ ಸಿರುಗುಪ್ಪದ ರೈತರಿಗೆ, ಹಾಗೆಯೇ ಬಳ್ಳಾರಿಯ ಎರೆ ಹೊಲಗಳ ಹತ್ತಿ ಬೆಳೆಗಾರರಿಗೆ, ನೆಲವು ಕಸುಬನ್ನು ನಿರ್ಧರಿಸುವ ಈ ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹತ್ತಿಯಿಂದ ಮೊದಲು ನೇಯ್ದದ್ದು ಬಟ್ಟೆಯನ್ನಲ್ಲ, ‘ಸನಾದಾ’ ಎಂಬ ಗಟ್ಟಿಯಾದ ಚಪ್ಪಟೆ ಲಾಡಿಯನ್ನು. ಕೊಜಿಮದ ಯುಗಾ ಬೆಟ್ಟದ ದೇಗುಲಕ್ಕೂ ಸಮುದ್ರದಾಚೆಯ ಕೊಂಪಿರಾ ದೇಗುಲಕ್ಕೂ, ಎರಡೂ ಕಡೆ ಹೋಗಿ ಬಂದರಷ್ಟೇ ಯಾತ್ರೆ ಪೂರ್ಣವೆಂಬ ನಂಬಿಕೆಯಿತ್ತು. ಆ ಯಾತ್ರಿಕರು ಊರಿಗೆ ಒಯ್ಯುತ್ತಿದ್ದ ಕೊಡುಗೆಯೇ ಈ ಲಾಡಿ. ಅಂದರೆ ಪ್ರವಾಸಿಗಳಿಗೆ ಬಟ್ಟೆ ಸಾಮಾನು ಮಾರುವುದು ಕೊಜಿಮಕ್ಕೆ ಹೊಸದೇನೂ ಅಲ್ಲ. ಆ ಬಳಿಕ ಹೆಬ್ಬೆರಳು ಬೇರೆಯಾಗಿರುವ ‘ತಾಬಿ’ ಎಂಬ ಕಾಲುಚೀಲಗಳ ಕಾಲ. ಜೀನ್ಸ್ ಬೀದಿಯ ಬಳಿಯೇ ಇರುವ ನೊಜಾಕಿ ಮನೆತನದ ವಾಡೆಯನ್ನು ಇಂದು ಪ್ರವಾಸಿಗಳು ಒಳಹೊಕ್ಕು ನೋಡಬಹುದು. ಅದನ್ನು ಕಟ್ಟಿಸಿದ ನೊಜಾಕಿ ಬುಜಾಯೆಮೊನ್ ತಾಬಿ ವ್ಯಾಪಾರದಿಂದ ಮೇಲೆ ಬಂದು, 19ನೆಯ ಶತಮಾನದಲ್ಲಿ ಉಪ್ಪಿನ ಗದ್ದೆಗಳ ದೊಡ್ಡ ಒಡೆಯನಾದವನು.

ದಪ್ಪ ಬಟ್ಟೆಯನ್ನು ಒತ್ತಾಗಿ ಹೊಲಿಯುವ ಕೈಚಳಕ ತಾಬಿಯಿಂದ ಬಂತು. ಜನ ಪಾಶ್ಚಾತ್ಯ ಉಡುಪಿಗೆ ತಿರುಗಿದಾಗ ಅದೇ ಕೈಗಳು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯತೊಡಗಿದವು. 20ನೆಯ ಶತಮಾನದ ಮಧ್ಯಭಾಗದಲ್ಲಿ ಜಪಾನಿನ ಶಾಲಾ ಸಮವಸ್ತ್ರಗಳಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಹೋಗುತ್ತಿತ್ತು. ಕೃತಕ ನೂಲಿನ ಬಟ್ಟೆ ಬಂದ ಮೇಲೆ ದೊಡ್ಡ ಗಿರಣಿಗಳ ಹಿಡಿತ ಬಿಗಿಯಾಗಿ ಸಣ್ಣ ಹೊಲಿಗೆ ಸಂಸ್ಥೆಗಳು ಬೇರೆ ದಾರಿ ಹುಡುಕಬೇಕಾಯಿತು. ಮಾರುವೊ ಎಂಬ ಸಂಸ್ಥೆ 1965ರಲ್ಲಿ ಅಮೆರಿಕದಿಂದ ಡೆನಿಮ್ ತರಿಸಿ ‘ಕ್ಯಾಂಟನ್’ ಹೆಸರಿನಲ್ಲಿ ಜೀನ್ಸ್ ಹೊಲಿಯಿತು. ಕೆಲವೇ ವರ್ಷಗಳಲ್ಲಿ ‘ಬಿಗ್ ಜಾನ್’ ಎಂಬ ತನ್ನದೇ ಹೆಸರನ್ನು ಮಾಡಿಕೊಂಡಿತು. 1970ರ ದಶಕದ ಆರಂಭದಲ್ಲಿ ಕುರಾಶಿಕಿಯಲ್ಲೇ ಹುಟ್ಟಿದ ಕುರಾಬೊ ಗಿರಣಿಯು ಡೆನಿಮ್ ನೇಯ್ದುಕೊಟ್ಟಾಗ ನೂಲಿನಿಂದ ಗುಂಡಿಯವರೆಗೆ ಎಲ್ಲವೂ ಸ್ವದೇಶಿಯಾದ ಜೀನ್ಸ್ ಹೊರಬಂತು.

ಇಲ್ಲೊಂದು ಸ್ವಾರಸ್ಯವಿದೆ. ಮೊದಲ ಜೀನ್ಸ್‌ಗಳನ್ನು ಜನ ಇಷ್ಟಪಡಲಿಲ್ಲ. ಯುದ್ಧಾನಂತರ ಜಪಾನೀಯರು ಕಂಡಿದ್ದ ಜೀನ್ಸ್ ಎಂದರೆ ಅಮೆರಿಕನ್ ಸೈನಿಕರು ತೊಟ್ಟು ಬಿಟ್ಟ, ಒಗೆದು ಒಗೆದು ಮೆತ್ತಗಾದ ಪ್ಯಾಂಟು. ಹೊಸದು ತಗಡಿನಂತೆ ನಿಲ್ಲುತ್ತಿತ್ತು. ಆಗ ಕೊಜಿಮದವರು ಮಾರುವ ಮೊದಲೇ ಒಗೆದು ಮಾರತೊಡಗಿದರು. ಇಂದು ಜೀನ್ಸ್ ತಯಾರಿಕೆಯ ಅವಿಭಾಜ್ಯ ಭಾಗವಾಗಿರುವ ‘ವಾಷಿಂಗ್’ ಎಂಬ ಕೆಲಸಕ್ಕೆ ಅಲ್ಲಿ ದಾರಿಯಾದದ್ದು ಹೀಗೆ.

ದಂಡಿನ ಊರಿನ ದರ್ಜಿಗಳು

ಈಗ ಬಳ್ಳಾರಿಯ ಕಡೆಗೆ ಬರೋಣ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಬಳಿಕ ಬಳ್ಳಾರಿ ಮದ್ರಾಸ್ ಪ್ರಾಂತದ ಮುಖ್ಯ ಸೇನಾ ನೆಲೆಗಳಲ್ಲೊಂದಾಯಿತು. ಕೋಟೆಯ ಆಚೆ ಕಂಟೋನ್ಮೆಂಟ್ ಬೆಳೆಯಿತು. ದಂಡಿನ ಹಿಂದೆ ಬಂದ ವ್ಯಾಪಾರಿಗಳಿಗೆ, ಕಸುಬುದಾರರಿಗೆ ಕೌಲಿನ ಮೇಲೆ, ಅಂದರೆ ರಿಯಾಯಿತಿಯ ಕರಾರಿನ ಮೇಲೆ ಜಾಗ ಕೊಟ್ಟದ್ದರಿಂದ ಕೌಲ್ ಬಜಾರ್ ಎಂಬ ಹೆಸರು ಬಂತೆಂಬುದು ಪ್ರಚಲಿತ ವಿವರಣೆ. ದಂಡಿದ್ದಲ್ಲಿ ದರ್ಜಿಗಳು ಇರಲೇಬೇಕು. ಸೈನಿಕರ ಸಮವಸ್ತ್ರ ಹೊಲಿಯಲು ಬಂದ ಕುಟುಂಬಗಳು ಇಲ್ಲಿಯೇ ನೆಲೆಸಿದವು, ಸ್ವಾತಂತ್ರ್ಯಾನಂತರ ಚಡ್ಡಿ, ಪ್ಯಾಂಟುಗಳ ಸಿದ್ಧ ಉಡುಪಿಗೆ ತಿರುಗಿದವು ಎಂದು ಊರವರು ಹೇಳುತ್ತಾರೆ. 1980ರ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಡೆನಿಮ್ ನೇಯಲು ಆರಂಭಿಸಿದಾಗ ಬಳ್ಳಾರಿಯ ಹೊಲಿಗೆಯೂ ಜೀನ್ಸಿಗೆ ಹೊರಳಿತು.

ಇಂದು ಕೌಲ್ ಬಜಾರ್, ಬಂಡಿಹಟ್ಟಿ ಮತ್ತು ನಗರದ ಇತರ ಭಾಗಗಳಲ್ಲಿ ಈ ಕೆಲಸ ಹರಡಿಕೊಂಡಿದೆ. ಒಂದೇ ಚಾವಣಿಯಡಿ ಎಲ್ಲ ನಡೆಯುವ ಕಾರ್ಖಾನೆಗಳು ಕಡಿಮೆ. ಕಟಿಂಗ್ ಒಂದೆಡೆ, ಹೊಲಿಗೆ ಇನ್ನೊಂದೆಡೆ, ಕಾಜ-ಗುಂಡಿ ಮತ್ತೊಂದೆಡೆ, ವಾಷಿಂಗ್ ಊರಾಚೆ. ದಾರ ಕತ್ತರಿಸುವ ಕೆಲಸ ಮನೆಮನೆಗೆ ಹೋಗುತ್ತದೆ. ಹೆಂಗಸರು ಜಗಲಿಯಲ್ಲಿ ಕುಳಿತು ರಾಶಿಯನ್ನು ಮುಗಿಸುತ್ತಾರೆ. ಕೂಲಿ ತುಂಡಿಗಿಷ್ಟು. ತಯಾರಾದ ಮಾಲು ದೇಶದ ಸಣ್ಣಪುಟ್ಟ ಊರುಗಳ ಸಂತೆ, ಅಂಗಡಿಗಳನ್ನು ತಲುಪುತ್ತದೆ. ಕೆಲವು ನೂರು ರೂಪಾಯಿಗೆ ಗಟ್ಟಿಮುಟ್ಟಾದ ಪ್ಯಾಂಟು ಸಿಗುವಂತೆ ಮಾಡಿರುವುದು ಬಳ್ಳಾರಿಯ ದೊಡ್ಡ ಸಾಧನೆ. ಕೊಜಿಮದ ಹತ್ತು ಸಾವಿರ ರೂಪಾಯಿಯ ಪ್ಯಾಂಟಿನ ಮುಂದೆ ಅದು ಯಾವ ರೀತಿಯಲ್ಲೂ ಕೀಳಲ್ಲ. ಹೊಲದಲ್ಲಿ ದುಡಿಯುವವನು ತೊಡುವುದು ಇದನ್ನೇ. ಜೀನ್ಸ್ ಮೊದಲು ಹುಟ್ಟಿದ್ದೂ ದುಡಿಯುವವರಿಗಾಗಿಯೇ ಅಲ್ಲವೇ?

ಮುಚ್ಚಿದ ಬೀದಿ ತೆರೆದ ಬಗೆ

ಹಾಗಿದ್ದರೆ ವ್ಯತ್ಯಾಸವೆಲ್ಲಿ? ಕೊಜಿಮವೂ ಬಹುಕಾಲ ಬಳ್ಳಾರಿಯಂತೆಯೇ ಇತ್ತು. ಅಲ್ಲಿನ ಹೊಲಿಗೆ ಮನೆಗಳು ಟೋಕಿಯೊದ, ವಿದೇಶಗಳ ದೊಡ್ಡ ಹೆಸರುಗಳಿಗೆ ಹೊಲಿದು ಕೊಡುತ್ತಿದ್ದವು; ಹೊಲಿದವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಅಗ್ಗದ ಆಮದು ಹೆಚ್ಚಿದಂತೆ ಕೆಲಸ ಕುಸಿಯಿತು. ಅಜಿನೊ ಪೇಟೆಬೀದಿ ಸೊರಗಿತು. ಹಗಲಿನಲ್ಲಿಯೂ ಬಾಗಿಲು ಎಳೆದ ಅಂಗಡಿಗಳ ಸಾಲಿಗೆ ಜಪಾನೀಯರು ‘ಷಟರ್ ಬೀದಿ’ ಎನ್ನುತ್ತಾರೆ, ಅಜಿನೊ ಅಂಥದ್ದೊಂದಾಯಿತು.

2009ರ ಸುಮಾರಿಗೆ ಊರಿನ ವಾಣಿಜ್ಯ ಮಂಡಳಿ ಮತ್ತು ಜೀನ್ಸ್ ತಯಾರಕರು ಸೇರಿ ಈ ಖಾಲಿ ಅಂಗಡಿಗಳನ್ನೇ ಬಳಸಿಕೊಳ್ಳಲು ಮುಂದಾದರು. ಹೊಸ ಕಟ್ಟಡ ಎಬ್ಬಿಸಲಿಲ್ಲ, ಹೊರಗಿನ ಮಳಿಗೆಗಳನ್ನು ಕರೆತರುವ ಗೋಜಿಗೂ ಹೋಗಲಿಲ್ಲ. ಊರಿನಲ್ಲಿಯೇ ತಯಾರಿಸುವವರು ತಮ್ಮ ಹೆಸರಿನ ಫಲಕ ಹಾಕಿ ತಮ್ಮ ಮಾಲನ್ನು ತಾವೇ ಮಾರಬೇಕೆಂಬುದು ಬೀದಿಯ ಕಲ್ಪನೆಯಾಗಿತ್ತು. ‘ಮೊಮೊತಾರೊ’ದಂತಹ ಹೆಸರುಗಳು ಆರಂಭದಲ್ಲಿಯೇ ಇಲ್ಲಿ ಅಂಗಡಿ ತೆರೆದವು. ಮೊಮೊತಾರೊ ಎಂದರೆ ಪೀಚ್ ಹಣ್ಣಿನಿಂದ ಹುಟ್ಟಿದ ಹುಡುಗ. ಒಕಾಯಾಮದ ಜನ ತಮ್ಮವನೆಂದು ಹೇಳಿಕೊಳ್ಳುವ ಜನಪದ ಕಥೆಯ ನಾಯಕ. ಪ್ಯಾಂಟಿಗೆ ಇಂಗ್ಲಿಷ್ ಹೆಸರೇ ಇರಬೇಕೆಂಬ ಹಟವನ್ನು ಬಿಟ್ಟು ಅಜ್ಜಿಕಥೆಯ ಹುಡುಗನ ಹೆಸರಿಟ್ಟು ಪ್ರಪಂಚಕ್ಕೆ ಮಾರಿದ ಆ ಧೈರ್ಯ ಗಮನಿಸತಕ್ಕದ್ದು. ಕೌಲ್ ಬಜಾರಿನ ಪ್ಯಾಂಟಿಗೆ ಯಾರಾದರೂ ಕನ್ನಡದ ಹೆಸರಿಟ್ಟರೆ ಮಾರಾಟವಾದೀತೇ ಎಂದು ವ್ಯಾಪಾರಿಗಳು ಅನುಮಾನಿಸಬಹುದು. ಕೊಜಿಮದವರೂ ಅನುಮಾನಿಸಿರಲಿಕ್ಕೆ ಸಾಕು.

ಈ ಬೀದಿಯಿಂದ ಊರಿನ ಸಂಕಟವೆಲ್ಲ ತೀರಿತೆಂದು ಭಾವಿಸಬಾರದು. ವಾರದ ನಡುವಣ ದಿನಗಳಲ್ಲಿ ಬೀದಿ ಬಿಕೋ ಎನ್ನುತ್ತದೆ. ಸಂಜೆಯಾಗುತ್ತಲೇ ಅಂಗಡಿಗಳು ಮುಚ್ಚುತ್ತವೆ. ಹೊಲಿಯುವವರಿಗೆ ವಯಸ್ಸಾಗುತ್ತಿದೆ, ಎಳೆಯರು ಈ ಕಸುಬಿಗೆ ಬರುವುದು ಕಡಿಮೆಯಾಗಿರುವುದರಿಂದ ಜಪಾನಿನ ಹೊಲಿಗೆ ಕಾರ್ಖಾನೆಗಳು ಬೇರೆ ದೇಶಗಳ ಕಾರ್ಮಿಕರನ್ನು ನೆಚ್ಚಿಕೊಂಡಿವೆ. ಬಳ್ಳಾರಿಯಲ್ಲಿ ಕೈಗಳಿಗೆ ಬರವಿಲ್ಲ. ಆ ಕೈಗಳಿಗೆ ಸಿಗುವ ಕೂಲಿಯ ಮಾತು ಬೇರೆ. ಲೇಬಲ್ಲಿನ ಮೇಲೆ ಊರಿನ ಹೆಸರಿಲ್ಲದಿದ್ದರೆ ಬೆಲೆ ಕಟ್ಟುವವನು ಸಗಟು ಕೊಳ್ಳುವವನೇ ಆಗುತ್ತಾನೆ. ನಾಳೆ ಇನ್ನೊಂದು ಊರು ಹತ್ತು ರೂಪಾಯಿ ಕಡಿಮೆಗೆ ಹೊಲಿದರೆ ಅವನು ಅತ್ತ ಹೋಗಲು ಅಡ್ಡಿಯೇನೂ ಇಲ್ಲ. ಕೊಜಿಮಕ್ಕೆ ಬಂದವನು ಮಾತ್ರ ಕೊಜಿಮದ್ದನ್ನೇ ಕೊಳ್ಳಬೇಕು.

ನೀಲಿ ನೀರು

ಬಳ್ಳಾರಿಯ ಗಲ್ಲಿಗಳನ್ನು ಪ್ರವಾಸಿಗಳಿಗೆ ತೋರಿಸಬೇಕೆಂದರೆ ತೋರಿಸಲು ಮನಸ್ಸಾಗದ ಒಂದು ಸಂಗತಿಯನ್ನೂ ಎದುರಿಸಬೇಕು. ಜೀನ್ಸ್ ಒಗೆಯಲು, ಬಣ್ಣ ಇಳಿಸಲು ನೀರು ಹೇರಳವಾಗಿ ಬೇಕು. ಹೊರಬರುವ ನೀರಿನಲ್ಲಿ ನೀಲಿಯೂ ರಾಸಾಯನಿಕಗಳೂ ಇರುತ್ತವೆ. ಒಕಾಯಾಮವನ್ನು ಜಪಾನೀಯರು ಬಿಸಿಲ ನಾಡೆಂದು ಕರೆದರೂ ಅಲ್ಲಿ ಬೀಳುವ ಮಳೆ ಬಳ್ಳಾರಿಯ ಮಳೆಗಿಂತ ಬಹಳ ಹೆಚ್ಚು. ಮಳೆ ಕಡಿಮೆಯಿರುವ ನೆಲದಲ್ಲಿ ಕೆಟ್ಟ ನೀರು ಕೊಚ್ಚಿಹೋಗುವುದಿಲ್ಲ, ಮಣ್ಣಿಗೇ ಇಳಿಯುತ್ತದೆ. ಈ ಕಾರಣಕ್ಕೆ ವಾಷಿಂಗ್ ಘಟಕಗಳಿಗೂ ಮಾಲಿನ್ಯ ನಿಯಂತ್ರಣದ ನಿಯಮಗಳಿಗೂ ಇತ್ತೀಚಿನ ವರ್ಷಗಳಲ್ಲಿ ತಿಕ್ಕಾಟ ನಡೆದೇ ಇದೆ. ಘಟಕ ಮುಚ್ಚಿದರೆ ಹೊಲಿಗೆಯವರ ಕೆಲಸ ನಿಲ್ಲುತ್ತದೆ. ತೆರೆದಿದ್ದರೆ ಸುತ್ತಲಿನ ಬಾವಿಗಳ ಚಿಂತೆ. ನೀರನ್ನು ಶುದ್ಧಗೊಳಿಸುವ ಸಾಮೂಹಿಕ ವ್ಯವಸ್ಥೆಯೊಂದೇ ಇದಕ್ಕೆ ದಾರಿ. ಸಣ್ಣ ಘಟಕದವನು ಅದನ್ನು ಒಬ್ಬನೇ ಕಟ್ಟಲಾರ. ಜೀನ್ಸ್ ಪಾರ್ಕ್‌ನ ಮಾತು 2023ರ ವಿಧಾನಸಭಾ ಚುನಾವಣೆಯಲ್ಲಿಯೂ ಕೇಳಿಬಂದಿತ್ತು. ಅಂಥದ್ದು ಬಂದಾಗ ಅದರಲ್ಲಿ ಮೊದಲು ಏಳಬೇಕಾದದ್ದು ಸ್ವಾಗತ ಕಮಾನಿಗಿಂತ ಈ ಶುದ್ಧೀಕರಣ ಘಟಕ.

ಕೌಲ್ ಬಜಾರಿನ ಸುತ್ತ ಒಂದು ದಿನ

ಕೊಜಿಮದಲ್ಲಿ ಬೀದಿಯ ಜೊತೆಗೆ ವಾಡೆ, ಗುಡ್ಡ, ಸಂಗ್ರಹಾಲಯ ಇರುವಂತೆ ಬಳ್ಳಾರಿಯಲ್ಲಿಯೂ ನಡೆದು ನೋಡುವಂಥವು ಇವೆ. ಒಂದೇ ನಡಿಗೆಗೆ ಯಾರೂ ಅವುಗಳನ್ನು ಪೋಣಿಸಿಲ್ಲವಷ್ಟೇ. ಊರಿನ ನೆತ್ತಿಯ ಮೇಲಿರುವ ಕೋಟೆ ಗುಡ್ಡವನ್ನು ಬೆಳಗಿನ ಹೊತ್ತಿನಲ್ಲಿಯೇ ಹತ್ತಬೇಕು, ಬಿಸಿಲೇರಿದ ಮೇಲೆ ಬಂಡೆ ಕಾಯ್ದ ಹಂಚಾಗುತ್ತದೆ. ಮೇಲ್ಕೋಟೆ ಹನುಮಪ್ಪ ನಾಯಕನ ಕಾಲದ್ದು. ಹೈದರಾಲಿಯ ಕೈಗೆ ಬಂದ ಮೇಲೆ ಫ್ರೆಂಚ್ ಇಂಜಿನಿಯರನೊಬ್ಬನು ಅದನ್ನು ಬಲಪಡಿಸಿದನಂತೆ. ಕೆಲಸ ಮುಗಿದ ಬಳಿಕ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿದೆ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದೆಂದು ತಿಳಿದು ಹೈದರನು ಆ ಇಂಜಿನಿಯರನನ್ನೇ ಗಲ್ಲಿಗೇರಿಸಿದನೆಂಬ ಐತಿಹ್ಯವನ್ನು ಬಳ್ಳಾರಿಯ ಮಕ್ಕಳೂ ಹೇಳುತ್ತಾರೆ. ಆ ಕುಂಬಾರ ಗುಡ್ಡವನ್ನು ಒಂದು ದಿಕ್ಕಿನಿಂದ ನೋಡಿದರೆ ಆಕಾಶ ನೋಡುತ್ತ ಮಲಗಿದ ಮನುಷ್ಯನ ಮುಖದಂತೆ ಕಾಣುತ್ತದೆ.

ಕೆಳಗಿಳಿದ ಮೇಲೆ ಕನಕ ದುರ್ಗಮ್ಮನ ಗುಡಿ, ತೆಲುಗು, ಕನ್ನಡ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ನಟಿಸಿದ ಬಳ್ಳಾರಿ ರಾಘವರ ಹೆಸರಿನ ಕಲಾಮಂದಿರ. ಊರಾಚೆಯ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಅರೆದು ತಯಾರಿಸುತ್ತಿದ್ದರು. 19ನೆಯ ಶತಮಾನದಲ್ಲಿ ಅದನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲಿ ಬಳ್ಳಾರಿಯಲ್ಲೊಂದು ವಸ್ತುಸಂಗ್ರಹಾಲಯವಿದೆ. ಒಂದೇ ಬಗೆಯ ವಸ್ತುವನ್ನು ರಾಶಿರಾಶಿಯಾಗಿ ತಯಾರಿಸುವ ಕಸುಬು ಈ ಸೀಮೆಗೆ ಎಷ್ಟು ಹಳೆಯದೆಂದು ಅಲ್ಲಿ ಅರಿವಾಗುತ್ತದೆ.

ಕೌಲ್ ಬಜಾರಿಗೆ ಹೋಗಲು ಇಳಿಹೊತ್ತು ಒಳ್ಳೆಯದು. ಇಲ್ಲಿ ಫಲಕಗಳಿಲ್ಲ, ಮಾರ್ಗದರ್ಶಿಗಳಿಲ್ಲ. ಕಿವಿಯೇ ದಾರಿ ತೋರಿಸುತ್ತದೆ. ಯಂತ್ರಗಳ ಸದ್ದು ಬಂದ ಕಡೆ ತಿರುಗಿದರೆ ತೆರೆದ ಬಾಗಿಲಿನಾಚೆ ನೀಲಿ ಬಟ್ಟೆಯ ಗುಡ್ಡೆ ಕಾಣುತ್ತದೆ. ತಳ್ಳುಗಾಡಿಯ ಮೇಲೆ, ದ್ವಿಚಕ್ರ ವಾಹನದ ಹಿಂಬದಿಯಲ್ಲಿ ಕಟ್ಟುಕಟ್ಟಾಗಿ ಅರೆಹೊಲಿದ ಪ್ಯಾಂಟುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತವೆ. ಕೊಜಿಮದವರು ಗಾಜಿನ ಹಿಂದೆ ಒಂದು ಯಂತ್ರವನ್ನಿಟ್ಟು ತೋರಿಸುವುದು ಇಲ್ಲಿ ಇಡೀ ಓಣಿಯಲ್ಲಿ ನಡೆಯುತ್ತಿರುತ್ತದೆ. ದುಡಿಯುವವರ ಮನೆಬಾಗಿಲು ಇದಾದ್ದರಿಂದ ಹೋದವರು ಕೇಳದೆ ಚಿತ್ರ ತೆಗೆಯಬಾರದು. ಕೊಳ್ಳುವುದಿದ್ದರೆ ಚಿಲ್ಲರೆ ಅಂಗಡಿಗಳನ್ನು ಹುಡುಕಬೇಕು. ಸಗಟಿನವರು ಒಂದೆರಡು ಪ್ಯಾಂಟಿಗಾಗಿ ಕಟ್ಟು ಬಿಚ್ಚುವುದಿಲ್ಲ.

ಸಿರುಗುಪ್ಪದಿಂದ ಬಳ್ಳಾರಿ ಐವತ್ತು-ಅರವತ್ತು ಕಿಲೋಮೀಟರ್, ದಿನವಿಡೀ ಬಸ್ಸುಗಳಿವೆ. ಹಿಂದಿರುಗುವ ದಾರಿಯಲ್ಲಿ ತುಸು ಪಶ್ಚಿಮಕ್ಕೆ ತಿರುಗಿದರೆ ಕುರುಗೋಡಿನ ದೊಡ್ಡಬಸವೇಶ್ವರನನ್ನೂ ನೋಡಬಹುದು. ಸಂಜೆ ಬಳ್ಳಾರಿಯಲ್ಲಿಯೇ ಉಳಿದವರಿಗೆ ಒಗ್ಗರಣೆ ಮಂಡಕ್ಕಿ ಮತ್ತು ಬಿಸಿ ಮಿರ್ಚಿಯ ಗಾಡಿಗಳು ದೀಪ ಹಚ್ಚುವ ಹೊತ್ತಿಗೆ ಸಿದ್ಧವಾಗಿರುತ್ತವೆ.